ಕುರಿಹಾರಾ ಅಜ್ಜಿಯ ಡಬ್ಬಿ

ಅಥವಾ ಅಜ್ಜಿಗೆ ಅದರಿಂದ ಹಗುರವೇ ಆಗಿತ್ತೇನೋ. ಡಬ್ಬಿಯನ್ನು ತೊಳೆದು, ಒರೆಸಿ, ಖಾಲಿಯಾಗಿಯೇ ಅವಳ ಬಾಗಿಲಲ್ಲಿ ಇಟ್ಟು ಬಂದ ದಿನ ಆಕೆ ಒಳಗೆ ನಿಂತು ಉಸಿರು ಬಿಟ್ಟಿರಬಹುದು, ಸದ್ಯ ಮುಗಿಯಿತು ಎಂದು. ಇಲ್ಲವೇ ಮುಚ್ಚಳ ತೆಗೆದು, ಒಳಗೆ ಏನೂ ಇಲ್ಲದ್ದನ್ನು ಕಂಡು, ಸ್ವಲ್ಪ ಹೊತ್ತು ಹಾಗೆಯೇ ಕೂತಿರಬಹುದು. ಎರಡರಲ್ಲಿ ಯಾವುದು? ಕೇಳಬಹುದಿತ್ತು. ಅಷ್ಟು ಜಪಾನಿ ಅವನಿಗೆ ಬರುತ್ತಿತ್ತು. ಆದರೆ ಆ ಊರಿನಲ್ಲಿ ಅಂಥದ್ದನ್ನು ಯಾರೂ ಯಾರಿಗೂ ಕೇಳುವುದಿಲ್ಲ. ಒಂದು ವರ್ಷದಿಂದ ಈ ಪ್ರಶ್ನೆ ಅವನೊಳಗೆ ಹೀಗೆಯೇ ತಿರುಗುತ್ತಿತ್ತು, ಯಾವ ಕಡೆಗೂ ವಾಲದೆ.

"ಆಗೇ ಬಢೋ ಭಾಯ್, ಸೋ ಗಯೇ ಕ್ಯಾ?"

ಹಿಂದಿನವನು ಬೆನ್ನಿಗೆ ಕೈಯಿಟ್ಟು ತಳ್ಳಿದ. ಶಿವಪುತ್ರ ಒಳಗೆ ಸರಿದು, ಖಾಲಿಯಿದ್ದ ಒಂದು ಸೀಟಿನಲ್ಲಿ ಕೂತ. ಭಾನುವಾರವಾದ್ದರಿಂದ ಲೋಕಲ್‌ನಲ್ಲಿ ಅಂಥ ಗರ್ದಿ ಇರಲಿಲ್ಲ, ಆದರೂ ಕುರ್ಲಾದಲ್ಲಿ ಹತ್ತಿದವರು ಬಾಗಿಲನ್ನು ತುಂಬಿಬಿಟ್ಟಿದ್ದರು. ಅವ್ವ ಮುಂದಿನ ಲೇಡೀಸ್ ಡಬ್ಬದಲ್ಲಿ ಇದ್ದಳು. ಘಾಟ್ಕೋಪರ್‌ನಲ್ಲಿ ಇಳಿದು ಫುಟ್‌ಬ್ರಿಜ್ ಕೆಳಗೆ ನಿಲ್ಲು ಎಂದು ಸಾಯನ್ ಸ್ಟೇಷನ್ನಿನಲ್ಲಿಯೇ ಹೇಳಿದ್ದಳು, ಈ ಮಗ ಮುಂಬೈಯಲ್ಲಿ ಹುಟ್ಟಿ ಬೆಳೆದವನೇ ಅಲ್ಲವೆಂಬಂತೆ.

ಪಕ್ಕದಲ್ಲಿ ಕೂತಿದ್ದ ಮುದುಕನೊಬ್ಬ ನಿದ್ದೆಗಣ್ಣಿನಲ್ಲಿ ಅವನ ತೋಳಿಗೆ ತಲೆ ಆನಿಸಿದ. ಎಣ್ಣೆ ಹಚ್ಚಿದ ತಲೆ. ಶಿವಪುತ್ರ ಅಲುಗಾಡಲಿಲ್ಲ. ಜಪಾನಿನ ಆ ಗುಡ್ಡದ ಊರಿನಲ್ಲಿ ಶಾಲೆಗೆ ಹೋಗುವ ಬಸ್ಸು ತುಂಬಿದಾಗಲೂ ಅವನ ಪಕ್ಕದ ಸೀಟು ಖಾಲಿಯೇ ಉಳಿಯುತ್ತಿತ್ತು. ಯಾರೂ ಮುಖ ಸಿಂಡರಿಸುತ್ತಿರಲಿಲ್ಲ. ನಿಂತವರು ಸುಮ್ಮನೆ ನಿಂತೇ ಇರುತ್ತಿದ್ದರು, ಕಿಟಕಿಯ ಹೊರಗೆ ನೋಡುತ್ತ. ಅಲ್ಲಿದ್ದಾಗ ಎಷ್ಟೋ ಸಲ, ಯಾರಾದರೂ ಬಂದು ಹೀಗೆ ಮೈಮೇಲೆ ಬಿದ್ದರೆ ಸಾಕು ಎಂದುಕೊಂಡದ್ದಿದೆ. ಈಗ ಬಿದ್ದಿದ್ದಾನೆ. ಏನೂ ಅನ್ನಿಸಲಿಲ್ಲ. ತೋಳು ಸ್ವಲ್ಪ ಬೆಚ್ಚಗಾಯಿತು, ಅಷ್ಟೇ.

ಅವನು ಅಲ್ಲಿಯ ಎರಡು ಶಾಲೆಗಳಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ. ಕಲಿಸುವುದು ಎಂದರೆ ಜಪಾನಿ ಮಾಸ್ತರರ ಪಕ್ಕದಲ್ಲಿ ನಿಂತು ವಾಕ್ಯಗಳನ್ನು ಗಟ್ಟಿಯಾಗಿ ಓದುವುದು, ಮಕ್ಕಳು ಅದನ್ನೇ ತಿರುಗಿ ಹೇಳುವುದು. ಸೂಪರ್‌ಮಾರ್ಕೆಟ್ಟಿನಲ್ಲಿ ಸಿಕ್ಕರೆ ಅದೇ ಮಕ್ಕಳು "ಹಲೋ" ಎಂದು ಕೂಗಿ ಕಪಾಟುಗಳ ಹಿಂದೆ ಓಡುತ್ತಿದ್ದರು. ಮರುದಿನ ತರಗತಿಯಲ್ಲಿ ಅವನು ಆಲೂಗಡ್ಡೆ ಕೊಂಡದ್ದು ಎಲ್ಲರಿಗೂ ಗೊತ್ತಿರುತ್ತಿತ್ತು. ವರ್ಷಾಂತ್ಯದ ಕೂಟದಲ್ಲಿ ಅವನನ್ನು ಹೆಡ್‌ಮಾಸ್ತರರ ಬದಿಗೆ ಕೂರಿಸುತ್ತಿದ್ದರು. ಒಬ್ಬೊಬ್ಬರೂ ಎದ್ದು ಬಂದು ಗ್ಲಾಸಿಗೆ ಸುರಿದು, ನೀವು ಚಾಪ್‌ಸ್ಟಿಕ್ ಬಹಳ ಚೆನ್ನಾಗಿ ಹಿಡಿಯುತ್ತೀರಿ ಎನ್ನುತ್ತಿದ್ದರು. ಕೆಂಪೇರಿದ ಮುಖಗಳು, ಹೆಗಲ ಮೇಲೆ ಕೈಗಳು. ಮರುದಿನ ಸ್ಟಾಫ್ ರೂಮಿನಲ್ಲಿ ಅವರೆಲ್ಲ ತಮ್ಮ ತಮ್ಮ ಮೇಜಿನ ಮೇಲೆ ಬಗ್ಗಿರುತ್ತಿದ್ದರು. ಹಿಂದಿನ ದಿನದ್ದೇನೂ ನಡೆದೇ ಇಲ್ಲವೇನೋ ಎಂಬಂತೆ. ಯಾರೂ ಅವನಿಗೆ ಕೆಟ್ಟದ್ದು ಮಾಡಲಿಲ್ಲ. ಆ ಊರಿನ ಬಗ್ಗೆ ದೂರು ಹೇಳಬೇಕೆಂದರೆ ಏನು ಹೇಳಬೇಕೆಂದೇ ಅವನಿಗೆ ತಿಳಿಯುತ್ತಿರಲಿಲ್ಲ.

ಮಾರ್ಚಿಗೆ ಒಪ್ಪಂದ ಮುಗಿಯುತ್ತಿತ್ತು. ಮುಂದಿನ ವರ್ಷವೂ ಇರುತ್ತೀರೋ ಇಲ್ಲವೋ, ಊರಿಂದ ಬಂದ ಕೂಡಲೇ ತಿಳಿಸಿ ಎಂದು ನಗರಸಭೆಯ ಶಿಕ್ಷಣ ವಿಭಾಗದ ನಿಶಿಯಾಮಾ ಹೇಳಿದ್ದರು. ವಿದೇಶಿ ಮಾಸ್ತರರ ಮನೆ, ಹೀಟರು, ಜ್ವರ ಎಲ್ಲ ಅವರ ಪಾಲಿಗೆ ಬಿದ್ದ ಕೆಲಸ. ಇರುವುದಿಲ್ಲ ಎಂದು ಶಿವಪುತ್ರ ನಿರ್ಧರಿಸಿದ್ದ. ನಿರ್ಧರಿಸಿದ್ದ ಎಂದರೆ ಹೆಚ್ಚಾಯಿತು. ಒಂದು ಮುಂಜಾನೆ ಹಲ್ಲುಜ್ಜುತ್ತಿರುವಾಗ ಆ ನಿರ್ಧಾರ ಅಲ್ಲೇ ಇದ್ದದ್ದು ಅವನ ಗಮನಕ್ಕೆ ಬಂದಿತ್ತು.

ಮುಂಬೈಗೆ ಬಂದು ವಾರವಾದರೂ ಅವ್ವನಿಗೆ ಅದನ್ನು ಹೇಳಿರಲಿಲ್ಲ. ಆಂಟಾಪ್ ಹಿಲ್‌ನ ಅವರ ಬಿಲ್ಡಿಂಗಿನಲ್ಲಿ ಹಾಲವ್ವನ ಮಗ ಜಪಾನಿನಲ್ಲಿ ಮಾಸ್ತರ ಎಂಬುದು ಗೊತ್ತಿಲ್ಲದವರು ಇರಲಿಲ್ಲ. ಬಸ್ ಡಿಪೋದಲ್ಲಿ ಕೆಲಸ ಮಾಡುವ ಅಪ್ಪ ಅಣವೀರಪ್ಪ ತನ್ನ ಜೊತೆಯವರಿಗೆಲ್ಲ ಹಿಮದಲ್ಲಿ ನಿಂತ ಮಗನ ಫೋಟೋ ಕಳಿಸಿದ್ದ. ಇವತ್ತು ಚಿಗವ್ವನ ಮನೆಯಲ್ಲಿ ಹೇಳಿಬಿಡುವುದೆಂದು ಶಿವಪುತ್ರ ಗಟ್ಟಿ ಮಾಡಿಕೊಂಡಿದ್ದ. ತಂಗಿಯ ಮುಂದೆ ಅವ್ವ ಅಳುವುದಿಲ್ಲ.

ಘಾಟ್ಕೋಪರ್‌ನಲ್ಲಿ ಇಳಿಯುವಾಗ ಮುದುಕನ ತಲೆಯನ್ನು ಮೆಲ್ಲಗೆ ಎತ್ತಿ ಕಿಟಕಿಗೆ ಆನಿಸಿದ. ಪ್ಲಾಟ್‌ಫಾರ್ಮಿನಲ್ಲಿ ಡಿಕ್ಕಿ ಹೊಡೆದ ಒಬ್ಬನಿಗೆ ನಡು ಬಗ್ಗಿಸಿ ಕ್ಷಮೆ ಕೇಳಿದ. ಆತ ಒಂದು ಗಳಿಗೆ ನಿಂತು ನೋಡಿ, "ಕಾಯ್ ಝಾಲಾ ರೇ?" ಎಂದು ನಕ್ಕು ಹೋದ.

ಚಿಗವ್ವ ಪ್ರಫುಲ್ಲಾಳ ಮನೆ ಮೆಟ್ರೋ ಹಳಿಯ ಮಗ್ಗುಲಿನ ಸೊಸೈಟಿಯಲ್ಲಿ, ಮೂರನೆಯ ಮಾಳಿಗೆಯಲ್ಲಿ. ಬಾಗಿಲು ತೆಗೆದಿಟ್ಟೇ ಇತ್ತು. ಕಾಕಾ ಯಲ್ಲಾಲಿಂಗ ಬನಿಯನ್ನಿನಲ್ಲಿ ಕೂತು ಟಿವಿ ನೋಡುತ್ತಿದ್ದವನು ಎದ್ದು ನಿಂತ. ಆತನದು ಸ್ಟೇಷನ್ ಹತ್ತಿರ ರೆಡಿಮೇಡ್ ಬಟ್ಟೆಯ ಅಂಗಡಿ. ಗಿರಾಕಿಗಳ ಅಳತೆ ನೋಡಿ ನೋಡಿ ರೂಢಿಯಾಗಿ, ಯಾರನ್ನು ಕಂಡರೂ ಮೊದಲು ಹೆಗಲು ನೋಡುತ್ತಿದ್ದ.

"ಏನಪಾ ಮಾಸ್ತರ, ಎರಡು ಸೈಜ್ ಇಳದೀಯಲ್ಲ! ಅಲ್ಲಿ ಮಂದಿ ಬಗ್ಗಿ ಬಗ್ಗಿ ನಮಸ್ಕಾರ ಮಾಡ್ತಾರಂತ, ಕರೇನ? ದಿನಾ ಅಷ್ಟು ಬಗ್ಗಿದ್ರ ಯಾವ ಹೊಟ್ಟಿ ಉಳೀತೈತಿ?"

"ಸುಮ್ನಿರ್ರೀ. ಬಂದಾಂವಗ ನೀರರ ಕುಡ್ಯಾಕ ಬಿಡ್ರಿ," ಎಂದು ಪ್ರಫುಲ್ಲಾ ಒಳಗಿನಿಂದ ಬಂದಳು. "ಹೌದಲ್ಲಕ್ಕಾ, ಸೊರಗ್ಯಾನ. ಅಲ್ಲಿ ಜ್ವಾಳದ ಹಿಟ್ಟು ಸಿಗೂದಿಲ್ಲೇನೋ ಶಿವ್ಯಾ?"

"ಇಲ್ಲ ಚಿಗವ್ವ."

"ಮತ್ತ ಏನ್ ತಿಂತೀ?"

"ಅನ್ನ."

"ಬರೀ ಅನ್ನ!" ಎಂದು ಆಕೆ ಅಕ್ಕನ ಮುಖ ನೋಡಿದಳು, ಇದಕ್ಕೆ ಅಕ್ಕನೇ ಜವಾಬ್ದಾರಳೆಂಬಂತೆ.

ಹಾಲವ್ವ ಚೀಲದಿಂದ ಸ್ಟೀಲಿನ ಡಬ್ಬಿ ತೆಗೆದು ಕಟ್ಟೆಯ ಮೇಲಿಟ್ಟಳು. "ತಗೋ ನಿನ್ನ ಡಬ್ಬಿ. ಶೇಂಗಾ ಚಟ್ನಿ ತುಂಬೀನಿ." ದೀಪಾವಳಿಯಲ್ಲಿ ಪ್ರಫುಲ್ಲಾ ಅದೇ ಡಬ್ಬಿಯಲ್ಲಿ ಕರಜಿಕಾಯಿ ಕಳಿಸಿದ್ದಳು. ಅಕ್ಕತಂಗಿಯರ ನಡುವೆ ಆ ಡಬ್ಬಿ ಎಷ್ಟು ಕಾಲದಿಂದ ಓಡಾಡುತ್ತಿತ್ತೋ, ಅದು ಯಾರದೆಂಬುದೇ ಈಗ ತೀರ್ಮಾನವಾಗದ ಮಾತು.

ಚಿಗವ್ವನ ಮಗಳು ಲಾವಣ್ಯಾ ಚಹಾ ತಂದಳು. ಅವಳು ಬಾಂದ್ರಾದ ಒಂದು ಕೋಚಿಂಗ್ ಕ್ಲಾಸಿನಲ್ಲಿ ಇಂಗ್ಲಿಷ್ ಹೇಳಿಕೊಡುತ್ತಿದ್ದಳು. ಕಪ್ಪು ಕೊಡುವಾಗ ಅವನ ಕಡೆಗೆ ಒಂದು ನೋಟ ಹರಿಸಿದಳು, ಏನನ್ನೋ ಮೊದಲೇ ಮಾತಾಡಿಕೊಂಡವರ ಹಾಗೆ. ಅವರು ಏನೂ ಮಾತಾಡಿಕೊಂಡಿರಲಿಲ್ಲ.

ಶಿವಪುತ್ರ ಕಪ್ಪು ಕೆಳಗಿಟ್ಟ. ಹೇಳುವುದಾದರೆ ಈಗಲೇ ಎನ್ನಿಸಿತು. "ಅವ್ವಾ," ಎಂದ.

"ತಡಿಯೋ," ಎಂದಳು ಪ್ರಫುಲ್ಲಾ, "ಮೊದಲ ನನ್ನ ಮಾತು. ನಿನ್ನ ಹಾದೀನ ಕಾಯಾಕತ್ತಿದ್ದೆ ನಾ. ಅಕ್ಕಾ, ನೀನೂ ಕೇಳು. ಈಕಿಗೂ ಜಪಾನದಾಗ ನೌಕರಿ ಬಂದೈತಿ. ಶಿವ್ಯಾನ ಹಂಗ ಮಾಸ್ತರಕಿ."

"ಯವ್ವಾ!" ಹಾಲವ್ವ ಎದ್ದು ಲಾವಣ್ಯಾಳ ಗದ್ದ ಹಿಡಿದಳು. "ಹೇಳಲೇ ಇಲ್ಲಲ್ಲ ಹುಡುಗಿ!"

"ದೊಡ್ಡವ್ವಾ, ಕನ್‌ಫರ್ಮ್ ಆಗಿರ್ಲಿಲ್ಲ," ಎಂದಳು ಲಾವಣ್ಯಾ. "ಅಣ್ಣನ ಊರು ಐತಲ್ಲಾ, ಅದರಿಂದ ಟ್ರೇನ್‌ನಲ್ಲಿ ಪಾಸ್ ಮೇ ಹೀ, ಹತ್ತಿರಾನೇ. ಏಪ್ರಿಲ್‌ಗೆ ಜಾಯ್ನಿಂಗ್."

"ಆಗಿಲ್ಲಿನ್ನಾ ಕನ್‌ಫರ್ಮು. ನಾ ಹೂಂ ಅಂದಿಲ್ಲ," ಎಂದಳು ಪ್ರಫುಲ್ಲಾ. "ಸಂಕ್ರಾಂತಿ ಮುಗದ ಮ್ಯಾಲ ವಿಜಯಪುರದಿಂದ ನೋಡಾಕ ಬರೂರಿದ್ದಾರ. ಹುಡುಗ ಬ್ಯಾಂಕಿನ್ಯಾಗ ಅದಾನ. ಅವರಿಗೆ ಬ್ಯಾಡ ಅನ್ನೂ ಮೊದಲ ನನಗ ಗೊತ್ತಾಗಬೇಕು, ಆ ದೇಶದಾಗ ಒಂದು ಹೆಣ್ಣುಹುಡುಗಿ ಒಬ್ಬಾಕಿನ ಇರಬಹುದೋ ಇಲ್ಲೋ ಅಂತ. ನೆಟ್‌ನ್ಯಾಗ ಬರದಿದ್ದು ನನಗ ಬ್ಯಾಡ. ಶಿವ್ಯಾ ಏನ್ ಹೇಳ್ತಾನ ಅದು. ಹೇಳೋ, ಮಂದಿ ಹೆಂಗದಾರ ಅಲ್ಲಿ? ಒಂದು ಹೊತ್ತಿಗೆ ಆರಾಮ ಇಲ್ಲಂದ್ರ ಬಾಗಿಲಾ ಬಡದು ಕೇಳಾವ್ರು ಅದಾರೋ ಇಲ್ಲೋ?"

ಎಲ್ಲರೂ ಅವನನ್ನೇ ನೋಡಿದರು. ಕಾಕಾ ಟಿವಿಯ ದನಿ ತಗ್ಗಿಸಿದ. ಹೊರಗೆ ಮೆಟ್ರೋ ಹಾದು ಹೋಯಿತು.

ಶಿವಪುತ್ರ ಬಾಯಿ ತೆರೆಯುವಷ್ಟರಲ್ಲಿ ಹಾಲವ್ವ ಶುರು ಮಾಡಿದಳು.

"ಅಯ್ಯ, ಏನ್ ಕೇಳ್ತೀ ನೀ! ಇವನ ಮನೀ ಬಾಜೂಕ ಒಬ್ಬಾಕಿ ಮುದುಕಿ ಅದಾಳ. ಏನಪಾ ಹೆಸರು?"

"ಕುರಿಹಾರಾ."

"ಹಾಂ, ಕುರಿ ಅಜ್ಜಿ. ಇಂವ ಹೋದ ಹೊಸದಾಗ ಕುಂಬಳಕಾಯಿ ಪಲ್ಯ ಮಾಡಿ, ಡಬ್ಬ್ಯಾಗ ಹಾಕಿ ಬಾಗಲದಾಗ ಇಟ್ಟು ಹೋಗ್ಯಾಳ. ಪರದೇಶಿ ಹುಡುಗ, ಏನ್ ತಿಂತಾನೋ ಏನೋ ಅಂತ. ಇಂವ ನನಗ ವಿಡಿಯೋ ಮಾಡಿ ಕೇಳಿದ, ಅವ್ವಾ ಡಬ್ಬಿ ಹೆಂಗ ಕೊಡ್ಲಿ ಅಂತ. ನಾ ಹೇಳಿದೆ, ಖಾಲಿ ಡಬ್ಬಿ ತಿರುಗಿ ಕೊಡಬಾರದಪಾ, ಮುತ್ತೈದಿ ಮನಿ ಇರಲಿ, ರಂಡಮುಂಡಿ ಮನಿ ಇರಲಿ, ಏನರ ಹಾಕಿ ಕೊಡು. ನಾ ಕೊಟ್ಟ ಶೇಂಗಾ ಉಂಡಿ ಇದ್ವು, ಹಾಕಿ ಕೊಟ್ಟ. ಮುಂದಿನ ವಾರನ ಆಕಿ ಹಣ್ಣು ತುಂಬಿ ಕಳಿಸ್ಯಾಳ! ಅಂವ ಮತ್ತ ಏನೋ ಹಾಕಿದ. ಆಕಿ ಮತ್ತ ಉಪ್ಪಿನಕಾಯಿ. ಡಬ್ಬಿ ಹೋಗೂದು, ಡಬ್ಬಿ ಬರೂದು. ನಮ್ಮಿಬ್ಬರದು ಹೆಂಗ ಐತಿ, ಹಂಗ. ಯಾವ ದೇಶಾದ್ರೇನ ಪ್ರಫುಲ್ಲಾ, ಮನಷ್ಯಾರು ಮನಷ್ಯಾರ."

ಪ್ರಫುಲ್ಲಾಳ ಮುಖ ಸಡಿಲವಾಯಿತು. "ಹೌದೇನೋ? ಹಂಗದಾರೇನು?"

ಅವ್ವ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಮೊದಲ ವರ್ಷ ಚಳಿಗಾಲದವರೆಗೂ ಡಬ್ಬಿ ಹೋಗುತ್ತಿತ್ತು, ಬರುತ್ತಿತ್ತು. ಅಜ್ಜಿ ಬೇಯಿಸಿದ್ದರಲ್ಲೆಲ್ಲ ಮೀನಿನ ಸಾರು ಇರುತ್ತದೆಂದು ಗೊತ್ತಾದ ಮೇಲೂ ಅವನು ತಿಂದ. ಶನಿವಾರ ಸಂಜೆ ಬಾಗಿಲ ಹೊರಗೆ ಡಬ್ಬಿ ಇಡುವ ಸದ್ದಿಗೆ ಕಾಯುತ್ತಿದ್ದ. ಆಕೆ ಕರೆಗಂಟೆ ಒತ್ತುತ್ತಿರಲಿಲ್ಲ, ಇಟ್ಟು ಹೋಗುತ್ತಿದ್ದಳು. ಅವನೂ ಹಾಗೆಯೇ ಮಾಡುತ್ತಿದ್ದ. ಒಂದು ಮಾತೂ ಇಲ್ಲದೆ ಇಷ್ಟೊಂದು ಮಾತಾಡಬಹುದೆಂದು ಅವನಿಗೆ ಆಶ್ಚರ್ಯವಾಗಿತ್ತು.

ಆಮೇಲೆ ಒಂದು ದಿನ ನಿಶಿಯಾಮಾ ಬಂದರು. ಹೀಟರು ನೋಡಿದರು, ಈ ಸಲ ಹಿಮ ಹೆಚ್ಚು ಎಂದರು, ಕಿತ್ತಳೆ ಹಣ್ಣು ಕೊಟ್ಟರು. ಹೊರಡುವಾಗ ಬಾಗಿಲಲ್ಲಿ ಬೂಟು ಹಾಕಿಕೊಳ್ಳುತ್ತ, ಮುಖ ಎತ್ತದೆ, ನಿಧಾನವಾದ ಇಂಗ್ಲಿಷಿನಲ್ಲಿ ಹೇಳಿದರು: ಕುರಿಹಾರಾ ಅವರಿಗೆ ಕಾಲುನೋವು. ಬಸ್ಸು ಹತ್ತಿ ಪೇಟೆಗೆ ಹೋಗಿ ನಿಮಗೆ ತಕ್ಕದ್ದನ್ನು ಹುಡುಕಿ ತರುವುದು ಕಷ್ಟವಾಗುತ್ತಿದೆ. ನೀವು ಕೊಟ್ಟಮೇಲೆ ಅವರು ಕೊಡದೆ ಇರುವ ಹಾಗಿಲ್ಲ. ದಯವಿಟ್ಟು ಇನ್ನು ಏನೂ ಕೊಡಬೇಡಿ.

ಅಲ್ಲಿಯ ಪದ್ಧತಿ ಶಿವಪುತ್ರನಿಗೆ ಆಗ ತಿಳಿಯಿತು. ಕೊಟ್ಟದ್ದಕ್ಕೆ ಒಮ್ಮೆ ಮರಳಿ ಕೊಟ್ಟರೆ ಲೆಕ್ಕ ಸಮವಾಗಿ ವ್ಯವಹಾರ ಮುಗಿಯುತ್ತದೆ. ಶೇಂಗಾ ಉಂಡಿಯೊಂದಿಗೆ ಅದು ಮುಗಿಯಬೇಕಿತ್ತು. ಆದರೆ ಹೊಸದಾಗಿ ಬಂದ ಪರದೇಶಿಯ ಉಂಡಿ ತನ್ನ ಕುಂಬಳಕಾಯಿಗಿಂತ ಹೆಚ್ಚಾಯಿತೆಂದು ಅಜ್ಜಿ ಹಣ್ಣು ಇಟ್ಟಳು. ಇವನು ಖಾಲಿ ಡಬ್ಬಿ ಕೊಡಬಾರದೆಂದು ಮತ್ತೆ ತುಂಬಿದ. ಅವಳು ಪ್ರತಿ ಸಲ ಮುಚ್ಚಲು ನೋಡಿದ್ದನ್ನು ಇವನು ಪ್ರತಿ ಸಲ ತೆರೆಯುತ್ತ ಹೋಗಿದ್ದ. ಅವನು ಗೆಳೆತನ ಎಂದುಕೊಂಡದ್ದು ಆಕೆಗೆ ಕಾಲುನೋವಿನ ಮೇಲೆ ಹೊತ್ತ ಹೊರೆಯಾಗಿತ್ತು. ಆಗ ಅವನ ಹತ್ತಿರವಿದ್ದ ಡಬ್ಬಿಯನ್ನು ತೊಳೆದು ಖಾಲಿಯಾಗಿಯೇ ಇಟ್ಟು ಬಂದ. ಅಲ್ಲಿಗೆ ನಿಂತಿತು. ಈಗ ಎದುರಾದರೆ ಆಕೆ ತಲೆಬಾಗಿ ಚಳಿಯ ಬಗ್ಗೆ ಒಂದು ಮಾತು ಹೇಳುತ್ತಾಳೆ. ಇವನೂ ಚಳಿಯ ಬಗ್ಗೆ ಒಂದು ಮಾತು ಹೇಳುತ್ತಾನೆ.

ಇದನ್ನು ಅವನು ಅವ್ವನಿಗೆ ಹೇಳಿರಲಿಲ್ಲ. ಫೋನಿನಲ್ಲಿ ಆಕೆ "ಅಜ್ಜಿ ಏನ್ ಕಳಿಸಿದ್ಲು ಈ ವಾರ?" ಎಂದು ಕೇಳಿದಾಗ ಮೊದಲು ಹಳೆಯದನ್ನೇ ತಿರುಗಿಸಿ ಹೇಳಿದ. ಆಮೇಲೆ ಅದೇ ರೂಢಿಯಾಯಿತು.

"ಹೇಳೋ ಮಾರಾಯ, ಬಾಯಾಗ ಗುಟಕಾ ಐತೇನ?" ಎಂದ ಕಾಕಾ.

"ಛಲೋ ಅದಾರ ಮಂದಿ," ಎಂದ ಶಿವಪುತ್ರ.

ಅದೂ ಸುಳ್ಳಲ್ಲ.

ಊಟವಾಯಿತು. ಪ್ರಫುಲ್ಲಾ ಕೇಳುತ್ತಲೇ ಇದ್ದಳು: ಕಳ್ಳರಿದ್ದಾರೋ, ಭೂಕಂಪ ಆಗುತ್ತದೋ, ಸಂಜೆ ಹೆಣ್ಣುಮಕ್ಕಳು ಓಡಾಡುತ್ತಾರೋ. ಕಳ್ಳರಿಲ್ಲ, ಆಗುತ್ತದೆ, ಓಡಾಡುತ್ತಾರೆ ಎಂದು ಶಿವಪುತ್ರ ಉತ್ತರಿಸಿದ. ಇವೆಲ್ಲ ಸುಲಭವಾದ ಪ್ರಶ್ನೆಗಳು. ರೊಟ್ಟಿ ಮುರಿಯುತ್ತ ಅವನು ತನ್ನ ಮಾತಿಗೆ ಜಾಗ ಹುಡುಕಿದ. ಸಿಗಲಿಲ್ಲ ಎನ್ನಲಾಗದು. ಕಾಕಾ ಮಜ್ಜಿಗೆ ಕುಡಿಯುವಾಗ ಎಲ್ಲರೂ ಸುಮ್ಮನಿದ್ದರು. ಮಾರ್ಚಿಗೆ ನಾ ತಿರುಗಿ ಬರ್ತೀನಿ ಎಂದರೆ ಯಾಕೆ ಎನ್ನುತ್ತಾರೆ. ಯಾಕೆ ಎಂಬುದಕ್ಕೆ ಏನಾದರೂ ಹೇಳಿದರೆ ವಿಜಯಪುರದವರಿಗೆ ಬರಲು ಹೇಳುತ್ತಾರೆ. ಎದುರಿಗೆ ಲಾವಣ್ಯಾ ಬದನೆಕಾಯಿ ಪಲ್ಯವನ್ನು ತಟ್ಟೆಯಲ್ಲಿ ಆಚೀಚೆ ಸರಿಸುತ್ತಿದ್ದಳು.

ಮಧ್ಯಾಹ್ನ ಇಳಿದ ಮೇಲೆ ಅವಳೇ ಎದ್ದಳು. "ಮಮ್ಮೀ, ಅಣ್ಣನ್ನ ಕರಕೊಂಡು ಐಸ್ ಕ್ರೀಮ್ ತರ್ತೀನಿ."

ಇಬ್ಬರೂ ಸ್ಟೇಷನ್ ರಸ್ತೆಗೆ ಬಂದರು. ಸೀರೆ ಅಂಗಡಿಗಳ ಮುಂದೆ ಹುಡುಗರು ನಿಂತು "ಆವೋ ಬೆನ್, ಆವೋ" ಎಂದು ಕೂಗುತ್ತಿದ್ದರು. ರಿಕ್ಷಾದವರು ಒಬ್ಬರನ್ನೊಬ್ಬರು ಬೈಯುತ್ತಿದ್ದರು. ಲಾವಣ್ಯಾ ಸ್ಕೈವಾಕಿನ ಮೆಟ್ಟಿಲು ಹತ್ತಿ, ಜನ ಕಡಿಮೆ ಇದ್ದ ಕಡೆ ಕಂಬಿಗೆ ಆನಿಕೊಂಡು ನಿಂತಳು.

"ಈಗ ಸಚ್ ಬೋಲ್," ಎಂದಳು. "ಊಟಕ್ಕೆ ಕೂತಾಗ ನಿನ್ನ ಮುಖ ನೋಡ್ತಿದ್ದೆ. ಏನೋ ಗಡ್‌ಬಡ್ ಐತಿ."

"ಏನಿಲ್ಲ."

"ಅಣ್ಣಾ, ಪ್ಲೀಸ್. ಮಮ್ಮಿಗೆ ಅಲ್ಲ, ನನಗೆ ಹೇಳು."

ಕೆಳಗೆ ಒಂದು ಫಾಸ್ಟ್ ಲೋಕಲ್ ನಿಂತು ಹೊರಟಿತು. ಅದರ ಸದ್ದು ಕಡಿಮೆಯಾಗುವವರೆಗೆ ಅವನು ಕಾದ.

"ಆ ಡಬ್ಬಿ ಈಗ ಬರೂದಿಲ್ಲ," ಎಂದ.

"ಯಾವ ಡಬ್ಬಿ? ಕುರಿ ಅಜ್ಜೀದಾ? ಯಾಕೆ, ಮರ್ ಗಯೀ ಕ್ಯಾ?"

"ಇಲ್ಲ. ಆರಾಮ ಅದಾಳ." ಅವನು ನಿಶಿಯಾಮಾ ಬಂದದ್ದನ್ನು, ಬೂಟು ಹಾಕಿಕೊಳ್ಳುತ್ತ ಹೇಳಿದ್ದನ್ನು ಹೇಳಿದ. ಬೇರೆಯವರ ಕಥೆ ಹೇಳುವ ಹಾಗೆ ಹೇಳಿದ. ಯಾರಿಗಾದರೂ ಇದನ್ನು ಹೇಳಿದರೆ ಎದೆಯಲ್ಲಿ ಏನಾದರೂ ಕರಗೀತು ಎಂದುಕೊಂಡಿದ್ದ. ಏನೂ ಆಗಲಿಲ್ಲ.

ಲಾವಣ್ಯಾ ಮೊದಲು ಬಾಯಿ ಮುಚ್ಚಿಕೊಂಡಳು, ಆಮೇಲೆ ನಕ್ಕೇಬಿಟ್ಟಳು. "ಓ ಗಾಡ್. ಆ ಪಾಪದ ಮುದುಕಿ! ದೊಡ್ಡವ್ವನ ಶೇಂಗಾ ಉಂಡಿ ನೋಡಿ ಡರ್ ಗಯೀ ಹೋಗೀ, ಹೆದರಿರಬೇಕು. ನಮ್ಮ ಮಂದಿ ಅಲ್ಲೂ ಬಿಡಲಿಲ್ಲ ನೋಡು."

ಅವನೂ ನಕ್ಕ. ನಗಬೇಕಾದ ಜಾಗವೆಂದು ಕಂಡಿತು.

"ಮತ್ತೆ ಬೇರೆ? ದೋಸ್ತ್?"

"ಇಲ್ಲ."

"ಒಬ್ಬರೂ ಇಲ್ವಾ? ಎರಡು ವರ್ಷದಾಗ?"

"ಭಾನುವಾರ ಓಣಿಯವರೆಲ್ಲ ಕೂಡಿ ಗಟಾರದ ಹುಲ್ಲು ಕೀಳ್ತೀವಿ. ಆಮ್ಯಾಲೆ ಒಬ್ಬೊಬ್ಬರಿಗೆ ಒಂದು ಕ್ಯಾನ್ ಚಹಾ ಕೊಡ್ತಾರ. ಸುತ್ತ ನಿಂತು ಕುಡೀತೀವಿ. ಆಮ್ಯಾಲೆ ಮನೀಗೆ ಹೋಗ್ತೀವಿ. ನಾಲ್ಕು ದಿನ ರಜಾ ಬಂದ್ರ ನಾಲ್ಕು ದಿನ ಬಾಯಿ ತೆಗಿಯೂದ ಬೇಕಾಗೂದಿಲ್ಲ. ಐದನೇ ದಿನ ಕ್ಲಾಸಿನ್ಯಾಗ ಗುಡ್ ಮಾರ್ನಿಂಗ್ ಅಂದ್ರ ದನಿ ಹೊಂಡೂದಿಲ್ಲ."

ಅವಳು ನಗು ನಿಲ್ಲಿಸಿ ಅವನನ್ನು ನೋಡಿದಳು. ಅವನು ಹಳಿಗಳನ್ನು ನೋಡುತ್ತಿದ್ದ. ಇಷ್ಟು ಸಾಕು, ಇವಳೇ ಬೇಡ ಎನ್ನುತ್ತಾಳೆ, ಆಗ ತನ್ನದು ತಾನಾಗಿಯೇ ಮುಗಿಯುತ್ತದೆ ಎಂಬ ಯೋಚನೆ ಬಂದು ಹೋಯಿತು. ಅದರಿಂದ ನಾಚಿಕೆಯೂ ಆಗಲಿಲ್ಲ.

"ನನಗೆ ಅದೇ ಬೇಕು," ಎಂದಳು ಲಾವಣ್ಯಾ.

"ಏನು?"

"ಚುಪ್ ಇರೋದು." ಅವಳು ಕನ್ನಡ ಹುಡುಕುತ್ತ ನಿಧಾನವಾಗಿ ಹೇಳಿದಳು. "ನೀ ನೋಡಿದ್ಯಲ್ಲ ನಮ್ಮ ಮನೆ. ಟಿವಿ, ಮೆಟ್ರೋ, ಮಮ್ಮಿ. ಬಾತ್‌ರೂಮ್‌ನಲ್ಲಿ ಐದು ಮಿನಿಟ್ ಜಾಸ್ತಿ ಆದ್ರೂ ಏನ್ ಮಾಡ್ತೀ ಅಂತ ಕೇಳ್ತಾರೆ. ಕ್ಲಾಸ್‌ನಲ್ಲಿ ಆಠ್ ಘಂಟಾ ಮಾತಾಡ್ತೀನಿ, ಟ್ರೇನ್‌ನಲ್ಲಿ ಎಲ್ಲರ ಗಾಸಿಪ್ ಕೇಳ್ತೀನಿ. ಮದುವೆ ಆದ್ರೆ ಅಲ್ಲಿ ಅತ್ತೆ, ನಾದಿನಿ, ವಿಜಯಪುರದ ಪೂರಾ ಖಾನದಾನ. ಯಾರೂ ಏನೂ ಕೇಳದೇ ಇರೋ ಒಂದು ರೂಮ್, ಅಣ್ಣಾ. ನನಗೆ ಅದು ಜನ್ನತ್."

"ಮೊದಲ ಮೊದಲ ಹಂಗ ಅನಿಸ್ತೈತಿ."

"ಅನಿಸ್ಲಿ. ಆಮೇಲೆ ಅಳಬೇಕಾದ್ರೆ ಅಲ್ಲೇ ಅಳ್ತೀನಿ, ಅದೂ ಯಾರೂ ಕೇಳಲ್ಲ." ಅವಳು ಅವನ ತೋಳಿಗೆ ಗುದ್ದಿದಳು. "ಮತ್ತೆ ನೀ ಇರ್ತೀಯಲ್ಲ ಪಾಸ್ ಮೇ. ಸಂಡೇ ಸಂಡೇ ಬರ್ತೀನಿ. ಖಿಚಡಿ ಮಾಡಿಡು. ಮಮ್ಮಿ ಹೂಂ ಅಂದ್ರೆ ಅದಕ್ಕೇ ಅಂತಾಳೆ, ನೋಡು. ಶಿವ್ಯಾ ಅದಾನ ಅಂತ. ನೀ ಅಲ್ಲಿ ಇಲ್ಲ ಅಂದಿದ್ರೆ ನನಗೆ ಅಪ್ಲೈ ಮಾಡೋಕೂ ಬಿಡ್ತಿರ್ಲಿಲ್ಲ."

ಶಿವಪುತ್ರ ಕಂಬಿಯ ಮೇಲಿದ್ದ ತನ್ನ ಕೈಗಳನ್ನು ನೋಡಿದ. ಕಂಬಿಯ ತುಕ್ಕು ಅಂಗೈಗೆ ಹತ್ತಿತ್ತು. ಇಲ್ಲಿ ಒಂದು ವಾಕ್ಯ ಹೇಳಬೇಕು. ಚಿಕ್ಕ ವಾಕ್ಯ. ಆ ವಾಕ್ಯಕ್ಕೆ ಅವಳ ಮುಖ ಹೇಗಾದೀತೆಂದು ಅವನಿಗೆ ಈಗಲೇ ಕಾಣುತ್ತಿತ್ತು: ಮೊದಲು ತಿಳಿಯದ ಹಾಗೆ, ಆಮೇಲೆ ತಿಳಿದು, ಆಮೇಲೆ ಇರ್ಲಿ ಬಿಡು ಅಣ್ಣಾ ಎನ್ನುವಷ್ಟು ದೊಡ್ಡವಳಾಗಿ. ಅವಳು ಅವನನ್ನು ಬೈಯುತ್ತಲೂ ಇರಲಿಲ್ಲ.

"ಇರ್ತೀಯಲ್ಲ?"

"ಹೂಂ."

"ಪಕ್ಕಾ?"

"ಹೂಂ ಅಂದ್ನಲ್ಲ."

"ಮತ್ತೆ ಮಮ್ಮಿಗೆ ಡಬ್ಬಿ ನಿಂತಿದ್ದು ಹೇಳಬ್ಯಾಡ. ಅವಳಿಗೆ ಅದೇ ಬಹಳ ಪಸಂದ್ ಆಗಿದ್ದು."

"ಹೇಳೂದಿಲ್ಲ."

ಐಸ್ ಕ್ರೀಮ್ ತೆಗೆದುಕೊಂಡು ಮನೆಗೆ ಹೋದಾಗ ಮೂವರೂ ಮಾತು ಮುಗಿಸಿ ಕಾಯುತ್ತಿರುವಂತೆ ಕೂತಿದ್ದರು. ಹಾಲವ್ವ ತಂಗಿಯ ಕೈ ಹಿಡಿದುಕೊಂಡಿದ್ದಳು. ಪ್ರಫುಲ್ಲಾ ಕಣ್ಣು ಒರೆಸಿಕೊಂಡಿದ್ದಳು.

"ಏ ಶಿವ್ಯಾ, ಇಲ್ಲಿ ಕುಂಡ್ರು," ಎಂದಳು. "ನಿನ್ನ ಭರವಸೆ ಮ್ಯಾಲ ಕಳಸಾಕತ್ತೀನಿ. ತಿಳೀತಿಲ್ಲ? ನನಗ ಆ ದೇಶ ಗೊತ್ತಿಲ್ಲ, ಮಾತು ಗೊತ್ತಿಲ್ಲ. ನೀ ಗೊತ್ತದಿ. ಆಕಿ ಇರೂ ತನಕ ನೀನೂ ಇರಬೇಕು. ಬೀಗರಿಗೆ ಎರಡು ವರ್ಷ ತಡೀರಿ ಅಂತೀನಿ, ತಡದ್ರ ತಡೀತಾರ, ಇಲ್ಲಂದ್ರ ಬಿಡ್ತಾರ."

"ಅಂವ ಎಲ್ಲಿ ಹೋಗ್ತಾನ?" ಎಂದಳು ಹಾಲವ್ವ. "ಅಲ್ಲೇ ಹಣ್ಣಾಗೂ ವಿಚಾರ ಐತಿ ಅವಂದು. ಇಲ್ಲಿ ಬಂದ್ರೂ ಬಾಯಿ ಬಿಡೂದಿಲ್ಲ, ಪೂರಾ ಜಪಾನದಂವ ಆಗ್ಯಾನ."

ಕಾಕಾ ನಕ್ಕ. ಎಲ್ಲರೂ ನಕ್ಕರು. ಶಿವಪುತ್ರ ಕರಗುತ್ತಿದ್ದ ಐಸ್ ಕ್ರೀಮನ್ನು ಚಮಚದಿಂದ ಬದಿಗೆ ಒತ್ತಿದ.

"ಹೇಳೋ. ಇರ್ತೀಯಿಲ್ಲೋ?"

"ಇರ್ತೀನಿ ಚಿಗವ್ವ."

ಪ್ರಫುಲ್ಲಾ ಎದ್ದು ದೇವರ ಮುಂದಿನ ವಿಭೂತಿ ತಂದು ಮಗಳ ಹಣೆಗೆ ಹಚ್ಚಿದಳು, ಆಮೇಲೆ ಅವನ ಹಣೆಗೂ. ಲಾವಣ್ಯಾ ಅವಳ ಭುಜದ ಮೇಲಿಂದ ಅವನನ್ನು ನೋಡಿ ಕಣ್ಣು ಮಿಟುಕಿಸಿದಳು. ಅವಳು ಇಷ್ಟು ಸಂತೋಷವಾಗಿದ್ದನ್ನು ಅವನು ಚಿಕ್ಕಂದಿನಿಂದ ನೋಡಿರಲಿಲ್ಲ. ತಾನು ಯಾರಿಗೋ ಒಳ್ಳೆಯದು ಮಾಡಿರಬೇಕು ಎಂದು ಅವನಿಗೆ ತೋರಿತು. ಕೆಟ್ಟದ್ದು ಮಾಡಿರಲೂಬಹುದು. ಸ್ಕೈವಾಕಿನಲ್ಲಿ ಅವಳಿಗೆ ಎಲ್ಲವನ್ನೂ ಹೇಳಿದ್ದೆನಲ್ಲ ಎಂದು ನೆನೆದ. ಒಂದು ಬಿಟ್ಟು ಎಲ್ಲವನ್ನೂ.

ಸಂಜೆ ಪ್ಲಾಟ್‌ಫಾರ್ಮಿನಲ್ಲಿ ಗರ್ದಿ ಹೆಚ್ಚಿತ್ತು. ಗಾಡಿ ಬರಲು ಇನ್ನೂ ಹೊತ್ತಿತ್ತು. ಅವನು ಫೋನು ತೆಗೆದು, ಮುಂದಿನ ವರ್ಷವೂ ಮುಂದುವರಿಯುತ್ತೇನೆ, ದಯವಿಟ್ಟು ಸಹಕರಿಸಿ ಎಂದು ನಿಶಿಯಾಮಾಗೆ ಬರೆದ. ಜಪಾನಿಯಲ್ಲಿ ಇದಕ್ಕೊಂದು ಸಿದ್ಧ ವಾಕ್ಯವಿದೆ. ಅದರಲ್ಲಿ ಬರೆಯುವವನ ಮನಸ್ಸು ಏನೆಂದು ಎಲ್ಲಿಯೂ ಹೇಳಬೇಕಾಗುವುದಿಲ್ಲ. ಉತ್ತರವೂ ಬೇಗನೆ ಬಂತು. ಅದೂ ಅಂಥದೇ ವಾಕ್ಯ.

"ಯಾರದು?" ಎಂದಳು ಹಾಲವ್ವ.

"ಆಫೀಸಿಂದು."

"ಭಾನುವಾರನೂ ಬಿಡೂದಿಲ್ಲ ನಿನ್ನ." ಆಕೆ ಸೆರಗಿನಿಂದ ಕತ್ತು ಒರೆಸಿಕೊಂಡಳು. ಮುಖದಲ್ಲಿ ದಣಿವಿತ್ತು, ತೃಪ್ತಿಯೂ ಇತ್ತು. "ಛಲೋ ಆತು ನೋಡು. ನೀ ಒಬ್ಬನ ಅದೀ ಅಂತ ನನಗ ಒಳಗ ಹತ್ತಿತ್ತು. ಹೇಳಿರಲಿಲ್ಲ ಯಾರಿಗೂ. ಈಗ ತಂಗಿ ಬರ್ತಾಳ. ಖುಷಿ ಆತಿಲ್ಲ ನಿನಗ?"

"ಆತು."

ಗಾಡಿ ಬಂತು. ಹಾಲವ್ವ ಲೇಡೀಸ್ ಡಬ್ಬದ ಕಡೆ ಓಡುವಂತೆ ನಡೆದಳು. ಬಾಗಿಲಲ್ಲಿ ಇಬ್ಬರು ಹೆಂಗಸರ ನಡುವೆ ತೂರಿಕೊಂಡು, ಹಿಂದಿರುಗಿ ನೋಡಿ, ಅವನೂ ಹತ್ತಲಿ ಎಂದು ಕೈ ಮಾಡಿದಳು. ಅವನು ಹತ್ತಿದ. ಜನರ ನಡುವೆ ಕೈಯೆತ್ತಿ ಮೇಲಿನ ಹಿಡಿಕೆ ಹಿಡಿದುಕೊಂಡ. ಸಾಯನ್ ತನಕ ಅವನು ಯೋಚಿಸಬೇಕಾದದ್ದು ಏನೂ ಉಳಿದಿರಲಿಲ್ಲ.

ಮಾರ್ಚಿಗೆ ಅಲ್ಲಿಂದ ಬಿಟ್ಟು ಬರಬೇಕೆಂದಿದ್ದೆ ಎಂದು ಶಿವಪುತ್ರ ಅವ್ವನಿಗೆ ಹೇಳಲಿಲ್ಲ, ಲಾವಣ್ಯಾಳಿಗೂ ಎಂದೂ ಹೇಳಲಿಲ್ಲ.